ಕಂಬ ನೆಟ್ಟವನು

ನನ್ನ ಅಪ್ಪ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಬೀರೂರಿನಿಂದ ಶಿವಮೊಗ್ಗದ ಕಡೆಗೆ ರೈಲುಹಳಿಯ ಮಗ್ಗುಲಲ್ಲಿ ಸಾಗುವ ಕಂಬಗಳಲ್ಲಿ ಒಂದಷ್ಟು ಮೈಲಿ ಅವರ ಉಸ್ತುವಾರಿಯಲ್ಲಿತ್ತು. ಕಂಬದ ತಲೆಯ ಮೇಲೆ ಬಿಳಿ ಪಿಂಗಾಣಿಯ ಬಟ್ಟಲುಗಳು ಬೋರಲು ಕುಳಿತಿರುತ್ತಿದ್ದವು. ಕವಣೆ ಕೈಗೆ ಬಂದ ಹುಡುಗರಿಗೆ ಅವುಗಳಿಗಿಂತ ಒಳ್ಳೆಯ ಗುರಿ ಊರಿನಲ್ಲಿ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಕಲ್ಲೂ ಗುರಿ ಮುಟ್ಟಿತು. ಅಪ್ಪ ಬೆನ್ನಿಗೆ ಬಿಡುತ್ತಾರೆ ಎಂದುಕೊಂಡಿದ್ದೆ, ಬಿಡಲಿಲ್ಲ. ಒಡೆದ ಚೂರೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟು, "ಇದು ಇಲ್ಲದಿದ್ದರೆ ತಂತಿಯಲ್ಲಿ ಹೋಗಬೇಕಾದದ್ದು ಕಂಬ ಇಳಿದು ಮಣ್ಣು ಸೇರುತ್ತದೆ. ಯಾರದೋ ಮನೆಯ ಸುದ್ದಿ ಮಣ್ಣುಪಾಲಾಗುತ್ತದೆ" ಎಂದರು.

ಇದು ನೆನಪಾದದ್ದು ಅಮೆರಿಕದ ಇಥಾಕಾದಲ್ಲಿ. ನನ್ನ ತಂಗಿಯ ಮಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಪದವಿ ಮುಗಿಸಿ, ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ಸೇರಿದ್ದಾನೆ. ಮೂರು ವಾರ ಅವನ ಮನೆಯಲ್ಲಿದ್ದೆ. ಮೊದಲ ದಿನವೇ ಗುಡ್ಡ ಹತ್ತಿಸಿ ಸಂಸ್ಥಾಪಕರ ಪ್ರತಿಮೆಯ ಮುಂದೆ ನಿಲ್ಲಿಸಿದ. "ಮಾವ, ಇವರು ನಿಮ್ಮ ತಾತನ ಕಸುಬಿನವರು" ಎಂದು ನಕ್ಕ. ನನ್ನ ಅಪ್ಪ ಅವನಿಗೆ ತಾತ, ನನಗಲ್ಲ, ತಿದ್ದಲು ಹೋಗಲಿಲ್ಲ. ಅವನು ಹೇಳಿದ್ದು ತಮಾಷೆಗೆ. ನಾನು ಅದನ್ನು ಹಿಡಿದುಕೊಂಡು ಕೂತೆ. ಉಳಿದ ದಿನಗಳಲ್ಲಿ ಜಲಪಾತ ನೋಡಬೇಕಾದವನು ಗ್ರಂಥಾಲಯದಲ್ಲಿ ಎಜ್ರಾ ಕಾರ್ನೆಲ್‌ನ ಹಿಂದೆ ಬಿದ್ದೆ. ಇಷ್ಟು ದೊಡ್ಡವನನ್ನು ಏಕವಚನದಲ್ಲಿ ಬರೆಯುತ್ತಿರುವುದು ಅಗೌರವದಿಂದಲ್ಲ. ಕಂಬ ಹತ್ತುವವರ ಮನೆಯ ಸಲಿಗೆ ಎಂದುಕೊಳ್ಳಿ.

ಹುಟ್ಟಿದ್ದು 1807ರ ಜನವರಿ 11ರಂದು, ಈಗ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎನಿಸಿಕೊಂಡಿರುವ ಭಾಗದಲ್ಲಿ. ಅಪ್ಪ ಎಲೈಜಾ ಮಡಕೆ ಮಾಡುತ್ತಿದ್ದವನು, ಜೊತೆಗೆ ಬೇಸಾಯ. ಮನೆಯವರು ಕ್ವೇಕರರು, ಅಂದರೆ ಪಾದ್ರಿಯಿಲ್ಲದೆ ಮೌನವಾಗಿ ಕುಳಿತು ಪ್ರಾರ್ಥಿಸುವ, ಆಡಂಬರ ಒಲ್ಲದ ಪಂಥದವರು. ಎಜ್ರಾಗೆ ಹನ್ನೆರಡು ವರ್ಷವಾದಾಗ ಕುಟುಂಬ ಡಿರೈಟರ್ ಎಂಬ ಹಳ್ಳಿಗೆ ಹೋಯಿತು. ಶಾಲೆ ಸಿಕ್ಕಿದ್ದು ಬಿಡಿಬಿಡಿಯಾಗಿ, ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಒಂದು ಚಳಿಗಾಲದ ಓದಿಗಾಗಿ ಅವನೂ ತಮ್ಮನೂ ಅಪ್ಪನೊಡನೆ ಕರಾರು ಮಾಡಿಕೊಂಡು, ನಾಲ್ಕು ಎಕರೆ ಕಾಡು ಕಡಿದು ಜೋಳ ಬಿತ್ತಲು ನೆಲ ಹಸನು ಮಾಡಿಕೊಟ್ಟರಂತೆ. ಹದಿಹರೆಯ ಮುಗಿಯುವ ಮೊದಲೇ ಬಡಗಿ ಕೆಲಸ ಕಲಿತು ಮನೆಯವರಿಗೆ ಎರಡಂತಸ್ತಿನ ಮನೆ ಕಟ್ಟಿಕೊಟ್ಟ.

1828ರಲ್ಲಿ ಇಥಾಕಾಕ್ಕೆ ನಡೆದುಕೊಂಡು ಬಂದ. ಮೊದಲು ಹತ್ತಿಯ ಗಿರಣಿಯಲ್ಲಿ ಯಂತ್ರದ ಕೆಲಸ, ಆಮೇಲೆ ಜೆರೆಮಯಾ ಬೀಬಿ ಎಂಬ ವ್ಯಾಪಾರಿಯ ಹಿಟ್ಟಿನ ಗಿರಣಿಯ ಮೇಲ್ವಿಚಾರಣೆ. ಗಿರಣಿಗೆ ನೀರು ತರಲು ಫಾಲ್ ಕ್ರೀಕ್ ಹೊಳೆಯ ಬಂಡೆಯೊಳಗೆ ಸುರಂಗ ಸಿಡಿಸಿದ್ದು ಇವನೇ. 1831ರಲ್ಲಿ ಮೇರಿ ಆ್ಯನ್ ವುಡ್‌ಳನ್ನು ಮದುವೆಯಾದ. ಅವಳು ಕ್ವೇಕರ್ ಅಲ್ಲ. ಪಂಥದವರು ಇವನನ್ನು ಹೊರಹಾಕಿದರು. ಆಮೇಲೆ ಮೆತ್ತಗಾಗಿ, ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಒಳಗೆ ಸೇರಿಸಿಕೊಳ್ಳುತ್ತೇವೆ ಎಂದರು. ಇವನು ಹೇಳಲಿಲ್ಲ. ಮದುವೆಯಾದದ್ದು ತಪ್ಪು ಎಂದು ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ಹೇಗೆ ಹೇಳುವುದು? ನಮ್ಮ ಕಡೆಯೂ ಜಾತಿಯಿಂದ ಹೊರಹಾಕಿ, ದಂಡ ಕಟ್ಟಿಸಿಕೊಂಡು, ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರೆದುಕೊಂಡ ಕತೆಗಳು ಬೇಕಾದಷ್ಟಿವೆ. ದಂಡ ಕಟ್ಟದವರ ಕತೆಗಳು ಕಡಿಮೆ.

1837ರ ಆರ್ಥಿಕ ಕುಸಿತದ ಬೆನ್ನಿಗೆ ಬೀಬಿಯ ವ್ಯವಹಾರ ಕೈಬದಲಾಗಿ ಕೆಲಸ ಹೋಯಿತು. ಮಕ್ಕಳ ಸಂಸಾರ ಕಟ್ಟಿಕೊಂಡವನು ಕೊನೆಗೆ ಒಂದು ಹೊಸ ಬಗೆಯ ನೇಗಿಲನ್ನು ಮೇಯ್ನ್ ಮತ್ತು ಜಾರ್ಜಿಯಾ ರಾಜ್ಯಗಳಲ್ಲಿ ಮಾರುವ ಹಕ್ಕು ಕೊಂಡ. ಕೈಯಲ್ಲಿ ಕಾಸಿಲ್ಲದೆ ಇಥಾಕಾದಿಂದ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯವರೆಗೆ ಸುಮಾರು 160 ಮೈಲಿ ನಡೆದೇ ಹೋದ. ನೇಗಿಲು ಮಾರಾಟ ಅಷ್ಟಕ್ಕಷ್ಟೆ. ಆದರೆ ಆ ನೇಗಿಲು ಅವನನ್ನು ಬೇರೊಂದು ಬಾಗಿಲಿಗೆ ತಂದು ನಿಲ್ಲಿಸಿತು.

1843ರ ಬೇಸಿಗೆಯಲ್ಲಿ ಮೇಯ್ನ್‌ನಲ್ಲಿ ಎಫ್.ಓ.ಜೆ. ಸ್ಮಿತ್ ಎಂಬ ಮಾಜಿ ಸಂಸದ ಮತ್ತು ಪತ್ರಿಕೆಯ ಒಡೆಯನನ್ನು ಕಾಣಲು ಹೋದಾಗ ಆತ ಕಚೇರಿಯ ನೆಲದ ಮೇಲೆ ಮೊಣಕಾಲೂರಿ ಸೀಮೆಸುಣ್ಣದಲ್ಲಿ ಏನೋ ಗೀಚುತ್ತಿದ್ದ. ವಾಷಿಂಗ್ಟನ್ನಿನಿಂದ ಬಾಲ್ಟಿಮೋರ್‌ಗೆ ತಂತಿ ಎಳೆದು ತೋರಿಸಲು ಸ್ಯಾಮ್ಯುಯೆಲ್ ಮೋರ್ಸ್‌ಗೆ ಅಮೆರಿಕದ ಸಂಸತ್ತು 30,000 ಡಾಲರ್ ಕೊಟ್ಟಿತ್ತು. ಸೀಸದ ಕೊಳವೆಯೊಳಗೆ ತಂತಿಯಿಟ್ಟು ನೆಲದಲ್ಲಿ ಹೂಳುವ ಗುತ್ತಿಗೆ ಸ್ಮಿತ್‌ನದು. ಹೂಳುವುದು ಹೇಗೆ ಎಂಬುದೇ ಅವನಿಗೆ ಬಗೆಹರಿದಿರಲಿಲ್ಲ. ಕಾರ್ನೆಲ್ ಅಲ್ಲಿಯೇ ಒಂದು ನಕ್ಷೆ ಬರೆದುಕೊಟ್ಟ: ಮುಂದೆ ನೆಲ ಸೀಳುವ, ನಡುವೆ ಕೊಳವೆ ಇಳಿಸುವ, ಹಿಂದೆ ತಾನಾಗಿಯೇ ಮಣ್ಣು ಮುಚ್ಚಿಕೊಳ್ಳುವ ಒಂದು ಭಾರಿ ನೇಗಿಲು. ನಮ್ಮ ಕೂರಿಗೆ ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬೀಜದ ಬದಲು ಸೀಸ, ಅಷ್ಟೆ.

ಬಾಲ್ಟಿಮೋರ್ ಕಡೆಯಿಂದ ಹೇಸರಗತ್ತೆಗಳನ್ನು ಕಟ್ಟಿ ಹೂಳುವ ಕೆಲಸ ಶುರುವಾಯಿತು. ಕೆಲವು ಮೈಲಿ ಸಾಗುವಷ್ಟರಲ್ಲಿ ಒಳಗಿನ ತಂತಿಯ ಹೊದಿಕೆ ಕೆಟ್ಟಿರುವುದು ಗೊತ್ತಾಯಿತು. ಹೂತದ್ದೆಲ್ಲ ದಂಡ. ಸರ್ಕಾರದ ದುಡ್ಡಿನ ಬಹುಪಾಲು ಮುಗಿದಿದೆ, ಪತ್ರಿಕೆಗಳು ಕಾಯುತ್ತಿವೆ. ಕೆಲಸ ನಿಲ್ಲಿಸಬೇಕು, ಆದರೆ ಸೋತು ನಿಲ್ಲಿಸಿದಂತೆ ಕಾಣಬಾರದು ಎಂದು ಮೋರ್ಸ್ ಇವನ ಕಿವಿಯಲ್ಲಿ ಹೇಳಿದ. ಕಾರ್ನೆಲ್ ಹೇಸರಗತ್ತೆಗಳನ್ನು ಹುರಿದುಂಬಿಸಿ ಓಡಿಸುತ್ತ, ನೆಲದಿಂದ ತಲೆಯೆತ್ತಿದ್ದ ಬಂಡೆಯೊಂದಕ್ಕೆ ತಾನೇ ಮಾಡಿದ ನೇಗಿಲನ್ನು ಗುದ್ದಿಸಿ ಮುರಿದುಹಾಕಿದ. ಯಂತ್ರ ಅಪಘಾತಕ್ಕೆ ಸಿಕ್ಕಿ ಕೆಲಸ ನಿಂತಿದೆ ಎಂದು ಪತ್ರಿಕೆಗಳು ಬರೆದವು. ಈ ಕತೆಯನ್ನು ಅವನ ಭಕ್ತರು ಜಾಣ್ಮೆಗೆ ಉದಾಹರಣೆಯೆಂದು ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಸಂಬಳದ ಮನುಷ್ಯ, ದೊಡ್ಡವರ ಮಾನ ಉಳಿಸಲು ತನ್ನ ಕೈಯಾರೆ ಮಾಡಿದ್ದನ್ನು ಒಡೆಯಬೇಕಾಗಿ ಬಂದವನು.

ಆ ಚಳಿಗಾಲ ಅವನು ವಾಷಿಂಗ್ಟನ್ನಿನ ಗ್ರಂಥಾಲಯಗಳಲ್ಲಿ ಕುಳಿತು ವಿದ್ಯುತ್ತಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ. ನೆಲದೊಳಗೆ ಆಗದು, ಕಂಬದ ಮೇಲೆ ಎಳೆಯಬೇಕು ಎಂಬುದು ಖಚಿತವಾಯಿತು. ಆಗ ಬಂದ ಪ್ರಶ್ನೆಯೇ ನನ್ನ ಅಪ್ಪನ ಪ್ರಶ್ನೆ: ತಂತಿ ಕಂಬವನ್ನು ಮುಟ್ಟುವ ಜಾಗದಲ್ಲಿ ಏನಿಡಬೇಕು? ಮೋರ್ಸ್‌ನ ಜೊತೆಗಾರ ಆಲ್ಫ್ರೆಡ್ ವೇಲ್, ಅರಗಿನಲ್ಲಿ ಅದ್ದಿದ ಬಟ್ಟೆ ಸಾಕು ಎಂದ. ಕಾರ್ನೆಲ್ ಗಾಜು ಬೇಕು ಎಂದ. ಮೋರ್ಸ್ ಮೊದಲು ಒಪ್ಪಿದ್ದು ಬಟ್ಟೆಯನ್ನೇ. ಆಮೇಲೆ ವಿಜ್ಞಾನಿ ಜೋಸೆಫ್ ಹೆನ್ರಿ, ಬಟ್ಟೆ ನಂಬಿದರೆ ಕೆಟ್ಟಿರಿ ಎಂದ ಮೇಲೆ ಗಾಜಿಗೆ ಮರಳಿದ. 1844ರ ಮೇ 24ರಂದು ವಾಷಿಂಗ್ಟನ್ನಿನ ಸಂಸತ್ ಭವನದಿಂದ ಬಾಲ್ಟಿಮೋರ್‌ಗೆ ಮೊದಲ ಅಧಿಕೃತ ಸಂದೇಶ ಹೋಯಿತು. 'ದೇವರು ಎಂಥದ್ದನ್ನು ಮಾಡಿದ್ದಾನೆ!' ಎಂಬ ಬೈಬಲಿನ ಆ ಸಾಲನ್ನೂ ಅದನ್ನು ಬಡಿದ ಮೋರ್ಸ್‌ನ ಹೆಸರನ್ನೂ ಲೋಕವೆಲ್ಲ ಬಲ್ಲದು. ಕಂಬ ನೆಟ್ಟವನು ಯಾರೆಂದು ಕೇಳಿದವರು ಕಡಿಮೆ. ನಮ್ಮ ಮನೆಯಲ್ಲಿ ಅದು ಹೊಸ ವಿಷಯವೇನಲ್ಲ.

ಅಲ್ಲಿಂದ ಹತ್ತು ವರ್ಷ ಬರೀ ಬಡತನ. ತಂತಿ ಯಂತ್ರವನ್ನು ಬಾಸ್ಟನ್ ಮತ್ತು ನ್ಯೂಯಾರ್ಕ್‌ಗಳಲ್ಲಿ 25 ಸೆಂಟು ಟಿಕೆಟ್ಟಿಟ್ಟು ಪ್ರದರ್ಶಿಸಿದ, ಜನ ಬರಲಿಲ್ಲ. ಒಂದು ಬೆಳಗಿನ ತಿಂಡಿ ಆದದ್ದು ರಸ್ತೆಯಲ್ಲಿ ಸಿಕ್ಕ ಒಂದು ಶಿಲ್ಲಿಂಗಿನಿಂದ ಎಂದು ಹೇಳಿಕೊಳ್ಳುತ್ತಿದ್ದನಂತೆ. ನ್ಯೂಯಾರ್ಕ್‌ನಿಂದ ಆಲ್ಬನಿಗೆ, ಬಫೆಲೋದಿಂದ ಮಿಲ್ವಾಕಿಗೆ ತಂತಿ ಎಳೆಯುತ್ತ ಹೋದ. ಕೂಲಿಯ ಬದಲು ಷೇರು ತೆಗೆದುಕೊಂಡ. ಆ ಷೇರುಗಳನ್ನು ಕೇಳುವವರಿರಲಿಲ್ಲ. ಊರಿನಲ್ಲಿ ಮೇರಿ ಆ್ಯನ್ ಸಾಲದ ಮೇಲೆ ಸಂಸಾರ ನೂಕಿದಳು. ಅವಳು ಹೆತ್ತದ್ದು ಒಂಬತ್ತು ಮಕ್ಕಳನ್ನು, ಎಲ್ಲರೂ ಉಳಿಯಲಿಲ್ಲ. ಈ ಹತ್ತು ವರ್ಷಗಳ ನಿಜವಾದ ಕತೆ ಅವಳ ಬಳಿ ಇತ್ತು ಎಂದು ನನಗೆ ಅನುಮಾನ. ಅವಳದೊಂದು ಪ್ರತಿಮೆ ಗುಡ್ಡದ ಮೇಲೆ ನನಗೆ ಕಾಣಲಿಲ್ಲ.

1856ರಲ್ಲಿ ಕಾರ್ನೆಲ್‌ನ ಲೈನುಗಳೂ ರಾಚೆಸ್ಟರ್‌ನ ಹೈರಮ್ ಸಿಬ್ಲಿಯ ಕಂಪನಿಯೂ ಕೂಡಿಕೊಂಡು ವೆಸ್ಟರ್ನ್ ಯೂನಿಯನ್ ಆಯಿತು. ಹೌದು, ಇವತ್ತು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ವಿದೇಶದ ಹಣ ಬಿಡಿಸಿಕೊಳ್ಳುವ ಅಂಗಡಿಗಳ ಮುಂದೆ ಹಳದಿ-ಕಪ್ಪು ಬಣ್ಣದಲ್ಲಿ ಕಾಣುತ್ತದಲ್ಲ, ಅದೇ ಹೆಸರು. ಉಳಿದವರು ಲಾಭ ಕಂಡಕೂಡಲೇ ಷೇರು ಮಾರಿದರು. ಇವನು ಹಿಡಿದುಕೊಂಡೇ ಕುಳಿತ. ವರ್ಷಗಳ ಕಾಲ ಕಂಪನಿಯಲ್ಲಿ ಅತಿ ಹೆಚ್ಚು ಪಾಲು ಇವನದೇ. 1864ರ ಹೊತ್ತಿಗೆ ಅವನ ವರ್ಷದ ಆದಾಯ ಒಂದು ಲಕ್ಷ ಡಾಲರ್ ದಾಟುತ್ತಿತ್ತು. ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆದಿಟ್ಟು, ಇಷ್ಟೊಂದು ಹಣವನ್ನು ನನ್ನವರಿಗೂ ಬಡವರಿಗೂ ಮುಂದಿನವರಿಗೂ ಒಳಿತಾಗುವಂತೆ ಖರ್ಚು ಮಾಡುವುದು ಹೇಗೆಂಬುದೇ ಈಗ ನನ್ನ ದೊಡ್ಡ ಚಿಂತೆ ಎಂದು ಸೇರಿಸಿದ್ದಾನೆ.

ಶಾಸಕನಾದದ್ದು ಈ ಹಣ ಬಂದ ಮೇಲೆ. 1862 ಮತ್ತು 1863ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಧಾನಸಭೆಯಲ್ಲಿ, 1864ರಿಂದ 1867ರವರೆಗೆ ರಾಜ್ಯದ ಸೆನೆಟ್‌ನಲ್ಲಿ. ಮಾತುಗಾರನಲ್ಲ. ಎತ್ತರದ, ಮೂಳೆ ಎದ್ದ, ನಗದ ಮುಖದ ಮನುಷ್ಯ. ಸೆನೆಟ್‌ನಲ್ಲಿ ಇವನು ಕೃಷಿ ಸಮಿತಿಯ ಅಧ್ಯಕ್ಷ. ಶಿಕ್ಷಣದ ವಿಷಯ ನೋಡುವ ಸಮಿತಿಗೆ ಸಿರಾಕ್ಯೂಸ್‌ನ ಆ್ಯಂಡ್ರೂ ಡಿಕ್ಸನ್ ವೈಟ್ ಅಧ್ಯಕ್ಷ. ವಯಸ್ಸು ಮೂವತ್ತರ ಆಚೀಚೆ, ಯೇಲ್‌ನಲ್ಲಿ ಓದಿದವನು, ಯುರೋಪ್ ಸುತ್ತಿದವನು. ಇವರಿಬ್ಬರ ಸ್ನೇಹ ಶುರುವಾದದ್ದು ಜಗಳದಿಂದ.

ಜಗಳ ಏನೆಂದರೆ, 1862ರ ಮಾರಿಲ್ ಕಾಯ್ದೆಯಂತೆ ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ, ಅದು ವಾಷಿಂಗ್ಟನ್ನಿಗೆ ಕಳಿಸುವ ಪ್ರತಿ ಸಂಸದನ ಲೆಕ್ಕಕ್ಕೆ 30,000 ಎಕರೆಯಂತೆ ಭೂಮಿ ಕೊಡುತ್ತಿತ್ತು. ಅದನ್ನು ಮಾರಿ ಬಂದ ಹಣದಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ನ್ಯೂಯಾರ್ಕ್‌ನ ಪಾಲಿಗೆ ಬಂದದ್ದು ಸುಮಾರು 9,90,000 ಎಕರೆ. ಅದನ್ನು ಎರಡು ಕಾಲೇಜುಗಳಿಗೆ ಹಂಚೋಣ ಎಂದು ಕಾರ್ನೆಲ್. ಹಂಚಿದರೆ ಎರಡೂ ಸಾಯುತ್ತವೆ ಎಂದು ವೈಟ್. ಕೊನೆಗೆ ಕಾರ್ನೆಲ್ ಮಣಿದ. ಅವನ ಜೀವನದಲ್ಲಿ ಅವನು ಮಣಿದ ಪ್ರಸಂಗಗಳು ಹೆಚ್ಚಿಲ್ಲ. ನನ್ನ ಸಂಸಾರಕ್ಕೆ ಬೇಕಾದ್ದಕ್ಕಿಂತ ಐದು ಲಕ್ಷ ಡಾಲರ್ ಹೆಚ್ಚಿದೆ, ರಾಜ್ಯಕ್ಕಾಗಿ ಏನು ಮಾಡಲಿ ಎಂದು ಕೇಳಿದಾಗ ವೈಟ್, ವಿಶ್ವವಿದ್ಯಾಲಯ ಕಟ್ಟು ಎಂದ. ಎಲ್ಲಿ? ವೈಟ್‌ಗೆ ತನ್ನ ಸಿರಾಕ್ಯೂಸ್ ಮೇಲೆ ಆಸೆ. ಕಾರ್ನೆಲ್ ಸುತರಾಂ ಒಪ್ಪಲಿಲ್ಲ. ಯೌವನದಲ್ಲಿ ಅದೇ ಊರಿನಲ್ಲಿ ದುಡಿದಾಗ ಅವನ ಕೂಲಿಗೆ ಮೋಸವಾಗಿತ್ತು. ನಾಲ್ಕು ದಶಕ ಕಳೆದರೂ ಮರೆತಿರಲಿಲ್ಲ. ಯಾರೋ ಹಿಡಿದಿಟ್ಟ ಕೂಲಿಯಿಂದಾಗಿ ಒಂದು ಊರು ಒಂದು ವಿಶ್ವವಿದ್ಯಾಲಯವನ್ನು ಕಳೆದುಕೊಂಡಿತು. ಈ ಕತೆ ಓದಿದ ದಿನ ನಾನು ಗ್ರಂಥಾಲಯದಲ್ಲಿ ಜೋರಾಗಿ ನಕ್ಕು ಪಕ್ಕದವರಿಂದ ದುರುಗುಟ್ಟಿಸಿಕೊಂಡೆ.

ಮಸೂದೆ ಸುಲಭವಾಗಿ ಪಾಸಾಗಲಿಲ್ಲ. ಭೂಮಿಯ ಮೇಲೆ ಕಣ್ಣಿಟ್ಟಿದ್ದ ಬೇರೆ ಬೇರೆ ಚರ್ಚುಗಳ ಕಾಲೇಜುಗಳು ತಿರುಗಿಬಿದ್ದವು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಯಾವ ಒಂದು ಪಂಥಕ್ಕೂ ಬಹುಮತ ಇರಕೂಡದು, ಧರ್ಮವೇ ಇಲ್ಲದವನೂ ಯಾವ ಹುದ್ದೆಗಾದರೂ ಅರ್ಹ ಎಂದು ಬರೆದದ್ದು ಅವರಿಗೆ ಬೆಂಕಿಯಿಟ್ಟಂತಾಗಿತ್ತು. ಲಿಮಾ ಎಂಬ ಊರಿನ ಒಂದು ಕಾಲೇಜಿಗೆ 25,000 ಡಾಲರ್ ಕೊಟ್ಟರೆ ಮಾತ್ರ ಮಸೂದೆಗೆ ದಾರಿ ಎಂಬ ಷರತ್ತನ್ನೂ ಹೇರಿದರು. ದಾನ ಕೊಡುವುದಕ್ಕೂ ಸುಂಕ! ಕೊಟ್ಟ. ಸದನದಲ್ಲಿ ಒಬ್ಬ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಪಕ್ಕದಲ್ಲಿದ್ದ ವೈಟ್‌ಗೆ ಕಾರ್ನೆಲ್ ತಣ್ಣಗೆ, ಈ ಐದು ಲಕ್ಷವನ್ನು ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್‌ಗೆ ಕೊಟ್ಟುಬಿಡಲೇ, ನನ್ನ ಹಿರಿಯರನ್ನು ಗಲ್ಲಿಗೇರಿಸಿದವರ ಸಂತಾನ ಓದಿಕೊಳ್ಳಲಿ ಎಂದನಂತೆ. ಹದಿನೇಳನೆಯ ಶತಮಾನದಲ್ಲಿ ಬಾಸ್ಟನ್ನಿನಲ್ಲಿ ಕ್ವೇಕರರನ್ನು ನೇಣಿಗೆ ಹಾಕಿದ್ದು ನಿಜ. ಹೊರಹಾಕಿದ ಪಂಥದ ನೋವನ್ನು ಇವನು ಹೊರಗಿದ್ದೇ ಹೊತ್ತುಕೊಂಡಿದ್ದ. 1865ರ ಏಪ್ರಿಲ್ 27ರಂದು ರಾಜ್ಯಪಾಲ ರೂಬೆನ್ ಫೆಂಟನ್ ಮಸೂದೆಗೆ ಸಹಿ ಹಾಕಿದ.

ಇನ್ನು ಭೂಮಿಯ ವಿಚಾರ. ಇದು ಸ್ವಲ್ಪ ಜಟಿಲ, ಆದರೆ ಬಿಡುವಂತಿಲ್ಲ. ನ್ಯೂಯಾರ್ಕ್‌ನಲ್ಲಿ ಕೊಡಲು ಸರ್ಕಾರಿ ಜಮೀನು ಇರಲಿಲ್ಲವಾದ್ದರಿಂದ ರಾಜ್ಯಕ್ಕೆ ಸಿಕ್ಕಿದ್ದು ಕಾಗದದ ಹಕ್ಕುಪತ್ರಗಳು. ಪಶ್ಚಿಮದಲ್ಲಿ ಎಲ್ಲಾದರೂ ಖಾಲಿ ಜಮೀನು ಆರಿಸಿಕೊಳ್ಳುವ ಹಕ್ಕು ಅವುಗಳಿಗಿತ್ತು. ಆದರೆ ಒಂದು ರಾಜ್ಯ ಇನ್ನೊಂದು ರಾಜ್ಯದೊಳಗೆ ಅವುಗಳಿಂದ ಜಮೀನು ಹಿಡಿಯುವಂತಿರಲಿಲ್ಲ, ಪತ್ರ ಮಾರಬೇಕು. ಎಲ್ಲ ರಾಜ್ಯಗಳೂ ಒಟ್ಟಿಗೆ ಸಂತೆಗೆ ತಂದು ಸುರಿದುದರಿಂದ ಎಕರೆಯ ಬೆಲೆ ಸುಮಾರು 50 ಸೆಂಟಿಗೆ ಇಳಿದಿತ್ತು. ಈಗ ಮಾರಿದರೆ ವಿಶ್ವವಿದ್ಯಾಲಯಕ್ಕೆ ಸಿಗುವುದು ಚಿಲ್ಲರೆ ಎಂದು ಕಾರ್ನೆಲ್ ಪತ್ರಗಳನ್ನು ತಾನೇ ಕೊಂಡ. ವಿಸ್ಕಾನ್ಸಿನ್‌ನ ಚಿಪ್ಪೆವಾ ನದಿಯ ಆಸುಪಾಸಿನಲ್ಲಿ ಸುಮಾರು ಐದು ಲಕ್ಷ ಎಕರೆ ಪೈನ್ ಕಾಡು ಆರಿಸಿ ಹಿಡಿದ. ಬೆಲೆ ಏರಿದ ಮೇಲೆ ಮಾರಿ, ಬಂದ ಲಾಭವೆಲ್ಲ ವಿಶ್ವವಿದ್ಯಾಲಯಕ್ಕೆ ಎಂದು 1866ರಲ್ಲಿ ಸರ್ಕಾರಕ್ಕೆ ಬರೆದುಕೊಟ್ಟ. ಕಂದಾಯ, ಗುಮಾಸ್ತರು, ಕಾವಲು, ಎಲ್ಲವೂ ಅವನ ಜೇಬಿನಿಂದ. ವೆಸ್ಟರ್ನ್ ಯೂನಿಯನ್ ಷೇರಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿದ: ಹಿಡಿದು ಕೂರುವುದು. ಮೊದಲ ಸಲ ಅದು ಅವನನ್ನು ಶ್ರೀಮಂತನನ್ನಾಗಿ ಮಾಡಿತ್ತು. ಎರಡನೆಯ ಸಲ ಬರಿದು ಮಾಡಿತು.

ನನ್ನ ಮೆಚ್ಚುಗೆ ಎಡವುವುದು ಇಲ್ಲಿಯೇ. ಆ ಜಮೀನು ಖಾಲಿ ಇರಲಿಲ್ಲ. ಅದು ಮೂಲನಿವಾಸಿ ಓಜಿಬ್ವೆ ಜನರ ಕಾಡು. 1837ರ ಒಪ್ಪಂದದಲ್ಲಿ ಅವರಿಂದ ಬರೆಸಿಕೊಂಡದ್ದು. ಬೇಟೆ, ಮೀನು, ಕಾಡುಭತ್ತದ ಹಕ್ಕು ಮಾತ್ರ ಕಾಗದದ ಮೇಲೆ ಅವರಿಗೆ ಉಳಿಯಿತು. ಇಥಾಕಾದ ಗುಡ್ಡವೂ ಕಯುಗಾ ಜನರ ನೆಲ. 1779ರಲ್ಲಿ ಅಮೆರಿಕದ ಸೇನಾಪತಿ ಸಲಿವನ್‌ನ ಸೈನ್ಯ ಅವರ ಹಳ್ಳಿಗಳನ್ನೂ ತೋಟಗಳನ್ನೂ ಸುಟ್ಟಿತ್ತು. ಕಾರ್ನೆಲ್ ಯಾರನ್ನೂ ಕೈಯಾರೆ ಓಡಿಸಲಿಲ್ಲ. ಓಡಿಸಿದ ಮೇಲೆ ಉಳಿದ ನೆಲದ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟ. ನಾನು ಓದಿದ್ದರಲ್ಲಿ, ತನ್ನ ಕೂಲಿಯನ್ನು ಯಾರೋ ಹಿಡಿದಿಟ್ಟದ್ದನ್ನು ಮರೆಯದ ಮನುಷ್ಯ ಈ ಇನ್ನೊಂದು ಲೆಕ್ಕವನ್ನು ಎತ್ತಿದ್ದು ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ತಂಗಿಯ ಮಗನಿಗೆ ಇದನ್ನು ಹೇಳಿದಾಗ ಅವನು, "ಇದೇ ಮಾರಿಲ್ ಕಾಯ್ದೆಯ ಮಾದರಿಯಲ್ಲಿ ಅಲ್ಲವೇ ಮಾವ, 1964ರಲ್ಲಿ ಟೆನೆಸೀ ವಿಶ್ವವಿದ್ಯಾಲಯದ ನೆರವಿನಿಂದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆದದ್ದು" ಎಂದ. ಅವನು ವಾದಕ್ಕೆ ಹೇಳಿದನೋ ಸಮಾಧಾನಕ್ಕೆ ಹೇಳಿದನೋ ತಿಳಿಯಲಿಲ್ಲ. ಆ ಸಂಜೆ ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

1868ರ ಅಕ್ಟೋಬರ್ 7ರಂದು ವಿಶ್ವವಿದ್ಯಾಲಯ ತೆರೆಯಿತು. 412 ವಿದ್ಯಾರ್ಥಿಗಳು. ಕಟ್ಟಡಗಳ ಕೆಲಸ ಮುಗಿದಿರಲಿಲ್ಲ, ಸಂಸ್ಥಾಪಕನಿಗೂ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷನಾದ ವೈಟ್‌ಗೂ ಆರೋಗ್ಯ ಸರಿಯಿರಲಿಲ್ಲ. ಯಾವ ವ್ಯಕ್ತಿಯಾದರೂ ಯಾವ ವಿದ್ಯೆಯನ್ನಾದರೂ ಕಲಿಯಬಲ್ಲ ಸಂಸ್ಥೆ ಎಂಬ ತನ್ನ ಮಾತನ್ನು ಕಾರ್ನೆಲ್ ಆ ದಿನ ಸಭೆಯ ಮುಂದೆ ಹೇಳಿದ. ಅವನು ಅದನ್ನು ಅಕ್ಷರಶಃ ನಂಬಿದ್ದ. ಅರ್ಧ ದಿನ ಮೈಮುರಿದು ದುಡಿದು ಅರ್ಧ ದಿನ ಓದಿ ಬಡ ಹುಡುಗ ಪದವಿ ಪಡೆಯಬಹುದು ಎಂದು ಪತ್ರಿಕೆಗೆ ಬರೆದುಬಿಟ್ಟ. ದೇಶದ ಮೂಲೆಮೂಲೆಯಿಂದ ಕಾಗದಗಳು ಬಂದು ರಾಶಿಬಿದ್ದವು, ವೈಟ್ ತಲೆ ಮೇಲೆ ಕೈಹೊತ್ತ. ಅಷ್ಟು ಕೆಲಸ ಎಲ್ಲಿತ್ತು? ನಾಲ್ಕು ಎಕರೆ ಕಾಡು ಕಡಿದು ಓದಿದವನಿಗೆ ಉಳಿದವರಿಗೂ ಅದು ಸಾಧ್ಯ ಎನಿಸಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಹಾಗೆಯೇ. ಬಾಗಿಲು ತೆರೆಯುವ ಮೊದಲೇ, 1867ರಲ್ಲಿ ಪುಟ್ಟ ಮೊಮ್ಮಗಳು ಯೂನಿಸ್‌ಗೆ ಬರೆದ ಕಾಗದದಲ್ಲಿ, ಹುಡುಗರಂತೆ ಹುಡುಗಿಯರೂ ಅಲ್ಲಿ ಓದಬೇಕು, ಈ ಕಾಗದವನ್ನು ದೊಡ್ಡವಳಾಗುವವರೆಗೆ ಇಟ್ಟುಕೋ ಎಂದಿದ್ದ. ಆದರೆ ಮೊದಲ ವಿದ್ಯಾರ್ಥಿನಿ ಜೆನ್ನಿ ಸ್ಪೆನ್ಸರ್ 1870ರಲ್ಲಿ ಬಂದಾಗ ಗುಡ್ಡದ ಮೇಲೆ ಅವಳಿಗೆ ಉಳಿಯಲು ಜಾಗವಿರಲಿಲ್ಲ. ಹಿಮದಲ್ಲಿ ದಿನಕ್ಕೆ ಹಲವು ಸಲ ಹತ್ತಿ ಇಳಿದು ಸಾಕಾಗಿ ಬಿಟ್ಟುಹೋದಳು. ನಾನು ಆ ಗುಡ್ಡವನ್ನು ಬಿಸಿಲಿನಲ್ಲಿ, ದಿನಕ್ಕೊಮ್ಮೆ ಹತ್ತಿದವನು. ಅವಳ ಮೇಲೆ ಯಾವ ದೂರೂ ಇಲ್ಲ. ಆಮೇಲೆ ಮರದ ವ್ಯಾಪಾರಿ ಹೆನ್ರಿ ಸೇಜ್ 2,50,000 ಡಾಲರ್ ಕೊಟ್ಟು ಹೆಣ್ಣುಮಕ್ಕಳಿಗಾಗಿಯೇ ಒಂದು ಭವನ ಕಟ್ಟಿಸಲು ಮುಂದಾದ.

ಕೊನೆಯ ವರ್ಷಗಳು ಕಷ್ಟದವು. ಊರಿಗೆ ರೈಲು ತರುವ ಹುಚ್ಚಿನಲ್ಲಿ ಕಂಪನಿಯಿಂದ ಕಂಪನಿಗೆ ಹಣ ಸುರಿದು ಕಳೆದುಕೊಂಡ. 1873ರಲ್ಲಿ, ವಿಸ್ಕಾನ್ಸಿನ್ ಭೂಮಿಯಿಂದ ಈತ ಗುಟ್ಟಾಗಿ ಕೋಟಿ ಮಾಡುತ್ತಿದ್ದಾನೆ ಎಂಬ ಆರೋಪ ಆಲ್ಬನಿಯಲ್ಲಿ ಎದ್ದು ತನಿಖೆಯಾಯಿತು. ವೈಟ್ ಕಂಗಾಲಾದರೆ ಇವನು, ನಾನು ಸತ್ತ ಮೇಲೆ ಬರುವ ಬದಲು ಉತ್ತರ ಹೇಳಲು ಬದುಕಿರುವಾಗಲೇ ಬಂದದ್ದು ಒಳ್ಳೆಯದಾಯಿತು ಎಂಬರ್ಥದ ಮಾತಾಡಿದನಂತೆ. ತನಿಖೆ ಅವನನ್ನು ನಿರ್ದೋಷಿ ಎಂದಿತು. 1874ರ ಡಿಸೆಂಬರ್ 9ರಂದು ನ್ಯುಮೋನಿಯಾದಿಂದ ತೀರಿಕೊಂಡ. ಆಸೆಪಟ್ಟು ಕಟ್ಟಿಸುತ್ತಿದ್ದ ಕಲ್ಲಿನ ಮನೆ ಪೂರ್ತಿಯಾಗಿರಲಿಲ್ಲ. ಅದರಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಅವನು ಹಿಡಿದಿಟ್ಟ ಪೈನ್ ಕಾಡು, ಸೇಜ್‌ನ ಕೈಯಲ್ಲಿ, ಅವನು ಸತ್ತ ನಂತರದ ದಶಕಗಳಲ್ಲಿ ವಿಶ್ವವಿದ್ಯಾಲಯಕ್ಕೆ ಸುಮಾರು 50 ಲಕ್ಷ ಡಾಲರ್ ತಂದುಕೊಟ್ಟಿತು.

ಹೊರಡುವ ಹಿಂದಿನ ದಿನ ಹೆನ್ರಿ ಸೇಜ್‌ನ ಆ ಭವನದ ಮುಂದೆ ಹೋಗಿ ನಿಂತೆ. 1873ರ ಮೇ 15ರಂದು ಅದರ ಮೂಲೆಗಲ್ಲಿನೊಳಗೆ ಕಾರ್ನೆಲ್ ಒಂದು ಮುಚ್ಚಿದ ಕಾಗದ ಇಟ್ಟಿದ್ದ. ನಮ್ಮ ಈ ಪ್ರಯೋಗ ಎಂದಾದರೂ ಸೋತರೆ ಕಾರಣ ಅದರಲ್ಲಿದೆ ಎಂದಿದ್ದ. ಪ್ರತಿ ಯಾರ ಬಳಿಯೂ ಇರಲಿಲ್ಲ. ಗಂಡು ಹೆಣ್ಣು ಒಟ್ಟಿಗೆ ಓದುವುದರ ಅಪಾಯದ ಬಗ್ಗೆ ಮುದುಕ ಏನೋ ಬರೆದಿರಬೇಕು ಎಂದು ತಲೆಮಾರುಗಳವರೆಗೆ ಜನ ಊಹಿಸಿದರು. 1997ರಲ್ಲಿ ಕಟ್ಟಡದ ನವೀಕರಣದ ವೇಳೆ ಕಲ್ಲು ತೆರೆದಾಗ ಕಾಗದ ಸಿಕ್ಕಿತು. ಹೆಣ್ಣುಮಕ್ಕಳ ಓದಿನಿಂದ ಅಪಾಯ ಎಂಬ ಮಾತು ಅದರಲ್ಲಿ ಇರಲಿಲ್ಲ. ಮುಂದೆ ಬರಬಹುದಾದ ಅಪಾಯ ಬಹುಮಟ್ಟಿಗೆ ಒಂದೇ, ಅದು ಮತಪಂಥಗಳ ಕಿತ್ತಾಟ ಎಂದು ಬರೆದಿದ್ದ, ಮದುವೆಗಾಗಿ ಪಂಥ ಕಳೆದುಕೊಂಡವನು. ಕಾಗದದ ವಿಳಾಸ: ಮುಂದೆ ಬರುವ ಗಂಡಸಿಗೆ ಮತ್ತು ಹೆಂಗಸಿಗೆ. ಅದು ಕೈಸೇರಿದ ಹೊತ್ತಿನಲ್ಲಿ, ಹಿಂದೆ ವಿದ್ಯಾರ್ಥಿನಿಯರು ಉಳಿಯುತ್ತಿದ್ದ ಆ ಭವನವನ್ನು ವಾಣಿಜ್ಯ ಶಾಲೆಯನ್ನಾಗಿ ಮಾರ್ಪಡಿಸುವ ಕೆಲಸ ನಡೆದಿತ್ತು.